ಕಡತದ ಮೇಲಿನ ನಿಂಬೆಹಣ್ಣು

ಹಲಸೂರಿನ ಆವಿಷ್ಕಾರ ಆಯುರ್ನಿರ್ಣಯ ಮಂಡಳಿಯ ನಿಯಮದಂತೆ ಪೇಟೆಂಟಿನ ಆಯಸ್ಸು ಇಪ್ಪತ್ತು ವರ್ಷ, ಮತ್ತು ಅದು ಪೇಟೆಂಟ್ ಕೈಗೆ ಬರುವ ಮೊದಲೇ, ಅಂದರೆ ಅರ್ಜಿ ಕೊಟ್ಟ ದಿನದಿಂದಲೇ, ಕರಗತೊಡಗುತ್ತದೆ. ನಡುವೆ ಮಂಡಳಿಯಿಂದ ತಡವಾದರೆ ಅಷ್ಟು ಕಾಲವನ್ನು ಕೊನೆಗೆ ಕೂಡಿಸಿಕೊಡುತ್ತಾರೆ. ಅರ್ಜಿದಾರನಿಂದ ತಡವಾದರೆ ಕಳೆಯುತ್ತಾರೆ. ಇದಕ್ಕೆ ಅವಧಿ ಹೊಂದಾಣಿಕೆ ಎಂದು ಹೆಸರು. ಮಂಡಳಿಯಿಂದ ತಡವಾದ ನಿದರ್ಶನ ಇದುವರೆಗೆ ಸಿಗದ ಕಾರಣ, ಕಳೆಯುವ ಹುದ್ದೆ ಮಾತ್ರ ಭರ್ತಿಯಾಗಿದ್ದು ಕೂಡುವ ಹುದ್ದೆ ಖಾಲಿ ಇದೆ.

ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯ ಜಟ್ಟೆಪ್ಪನಿಗೆ ಇದೆಲ್ಲ ಗೊತ್ತಿರಲಿಲ್ಲ. ಕಲಬುರಗಿ ಕಡೆಯಿಂದ ಬಂದು ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸಕ್ಕೆ ಸೇರಿದವನು. ಹೆಂಡತಿ ಸಾಬಮ್ಮ ಜೋಳದ ರೊಟ್ಟಿ ಬಡಿದು ಸುತ್ತಲಿನ ಖಾನಾವಳಿಗಳಿಗೆ ಕೊಡುತ್ತಿದ್ದಳು. ಆಕೆಯ ರಟ್ಟೆ ನೋವು ನೋಡಲಾರದೆ ಜಟ್ಟೆಪ್ಪ ರೊಟ್ಟಿ ಮಾಡುವ ಯಂತ್ರವೊಂದನ್ನು ಕಟ್ಟಿದ. ರೊಟ್ಟಿ ಚಂದ್ರನ ಹಾಗೆ ದುಂಡಗೆ ಬಂತು, ಗಿರಾಕಿ ಮಾತ್ರ ಬರಲಿಲ್ಲ. ಬಡಿಯುವ ಸದ್ದಿಲ್ಲದೆ ಆದ ರೊಟ್ಟಿಯನ್ನು ಕಲಬುರಗಿ ಕಡೆಯ ಮಂದಿ ರೊಟ್ಟಿಯೆಂದು ಒಪ್ಪುವುದಿಲ್ಲ. ಆಗ ಅವನು ಯಂತ್ರದ ಪಕ್ಕಕ್ಕೆ ಮರದ ಅಂಗೈಯೊಂದನ್ನು ಜೋಡಿಸಿದ. ಅದು ರೊಟ್ಟಿಯನ್ನು ಮುಟ್ಟದೆ, ಬರೀ ಹಲಗೆಯನ್ನು ಪಟಪಟ ಬಡಿಯುತ್ತಿತ್ತು. ಗಿರಾಕಿಗಳು ಮುಗಿಬಿದ್ದರು. ಜಟ್ಟೆಪ್ಪ ಪೇಟೆಂಟ್ ಕೇಳಿದ್ದು ಈ ಅಂಗೈಗೇ.

ಅರ್ಜಿ ಕೊಟ್ಟು ಕೆಲವೇ ತಿಂಗಳಿಗೆ ಆಯುಧಪೂಜೆ ಬಂತು. ಮಂಡಳಿಯಲ್ಲಿ ಕಂಪ್ಯೂಟರಿಗೆ, ಬೀರುವಿಗೆ, ಮೊಹರಿಗೆ ಕುಂಕುಮ ಹಚ್ಚುತ್ತಿದ್ದರು. ವರ್ಕ್‌ಶಾಪಿನಲ್ಲಿ ಪೂಜೆ ಕಾಣದ ಮಷಿನ್ನಿನ ಸ್ವಿಚ್ ಒತ್ತಿ ಅಭ್ಯಾಸವಿಲ್ಲದ ಜಟ್ಟೆಪ್ಪ, ರಸೆಲ್ ಮಾರುಕಟ್ಟೆಯಿಂದ ಬೂದುಗುಂಬಳ, ಸೇವಂತಿಗೆ ಹಾರ, ನಿಂಬೆಹಣ್ಣು ತಂದು ತನ್ನ ಕಡತಕ್ಕೂ ಪೂಜೆ ಮಾಡಿಸಿದ. ಪೂಜೆಗೆ ಇಟ್ಟದ್ದನ್ನು ಕದಲಿಸಬಾರದೆಂಬುದು ಎಲ್ಲರ ಮನೆಯ ಪದ್ಧತಿ. ಮನೆಗಳಲ್ಲಿ ಮರುದಿನ ಯಾರಾದರೂ ದೊಡ್ಡವರು ಎತ್ತಿ ಕದಲಿಸುತ್ತಾರೆ. ಮಂಡಳಿಯಲ್ಲಿ ಕದಲಿಸುವ ಅಧಿಕಾರ ಯಾರದೆಂದು ನಿಯಮದಲ್ಲಿ ಇರಲಿಲ್ಲ. ಆದ್ದರಿಂದ ನಿಂಬೆಹಣ್ಣು ಒಣಗಿ ತಾನಾಗಿ ಉರುಳುವವರೆಗೆ ಕಾದು, ಆಮೇಲೆಯೇ ಕಡತ ತೆರೆಯುವುದೆಂದು ತೀರ್ಮಾನವಾಯಿತು. ಒಣಗಿದ್ದು ಉರುಳುವಷ್ಟರಲ್ಲಿ ಮುಂದಿನ ನವರಾತ್ರಿ ಬರುತ್ತಿತ್ತು. ಕಡತ ಅಲುಗದ್ದನ್ನು ಕಂಡ ಜಟ್ಟೆಪ್ಪ, ಪೂಜೆ ಸಾಲದಾಯಿತೆಂದು ಹೊಸ ನಿಂಬೆಹಣ್ಣಿನೊಡನೆ ಹೋದ ಸಲಕ್ಕಿಂತ ದೊಡ್ಡ ಕುಂಬಳ ಹೊತ್ತು ತರುತ್ತಿದ್ದ. ಹೀಗೆ ಅವನ ತಲೆ ನರೆಯಿತು.

ಈ ವರ್ಷ ಎರಡು ಸಂಗತಿ ನಡೆದವು. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ನಿತೀಶ್ ಎಂಬ ತರುಣ ಅಂಥದೇ ಮರದ ಅಂಗೈ ಇಟ್ಟು ರೊಟ್ಟಿ ಅಂಗಡಿ ತೆರೆದ. ಸಾಬಮ್ಮನ ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಸರಿದರು. ಮಂಡಳಿಯಲ್ಲಿ ಇಲಿಯೊಂದು ನಿಂಬೆಹಣ್ಣನ್ನು ಎಳೆದೊಯ್ದಿದ್ದರಿಂದ ವಿಧಿಯಿಲ್ಲದೆ ಕಡತ ತೆರೆಯಬೇಕಾಯಿತು.

ಅವಧಿ ನಿರ್ಣಾಯಕಿ ಧನಲಕ್ಷ್ಮಿ ಅವನನ್ನು ಕರೆಸಿ, ಎದ್ದು ನಿಂತು ಅಭಿನಂದಿಸಿದರು. ಪೇಟೆಂಟ್ ಮಂಜೂರಾಗಿತ್ತು.

"ಛಲೋ ಆತ್ರೀ ಮೇಡಂ. ಇನ್ನ ಆ ನಿತೀಶನ ಅಂಗಡಿ ಬಂದ್ ಮಾಡಿಸ್ರಿ," ಎಂದ ಜಟ್ಟೆಪ್ಪ.

"ಮಾಡಿಸ್ಬೋದಿತ್ತು ಜಟ್ಟೆಪ್ಪನವ್ರೇ. ಆದ್ರೆ ನಿಮ್ ಪೇಟೆಂಟ್ ಅವಧಿ ಮುಗ್ದೋಗಿದೆ. ಅರ್ಜಿ ಕೊಟ್ಟ ಮುಂದಿನ ವರ್ಷಾನೇ."

ಲೆಕ್ಕ ಸರಿಯಾಗಿಯೇ ಇತ್ತು. ಇಪ್ಪತ್ತು ವರ್ಷಕ್ಕೆ ಇನ್ನೂ ಕೆಲವು ತಿಂಗಳು ಬಾಕಿ ಇತ್ತು ನಿಜ. ಆದರೆ ಕಡತ ಮಲಗಿದ್ದು ನಿಂಬೆಹಣ್ಣಿನಿಂದ, ನಿಂಬೆಹಣ್ಣು ಬಂದದ್ದು ಅರ್ಜಿದಾರನಿಂದ. ಆದಕಾರಣ ಅಷ್ಟೂ ವರ್ಷಗಳನ್ನು ಕಳೆಯಲಾಗಿತ್ತು. ಪೇಟೆಂಟ್ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲೇ ತೀರಿಕೊಂಡಿದ್ದರಿಂದ, ಮಂಡಳಿಯು ಹುಟ್ಟು ಸಾವು ಎರಡಕ್ಕೂ ಒಂದೇ ಪ್ರಮಾಣಪತ್ರ ಕೊಟ್ಟು ಕಾಗದ ಉಳಿಸಿತ್ತು.

ಜಟ್ಟೆಪ್ಪನ ಮುಖ ನೋಡಿ, ಕಳೆಯುವ ವಿಭಾಗದ ಉಮ್ಮೆ ಕುಲ್ಸುಂಗೆ ಕರುಳು ಚುರುಕ್ಕೆಂದಿತು. ಆಕೆ ಅವನನ್ನು ಬದಿಗೆ ಕರೆದು ಪೆನ್ನು ಕೊಟ್ಟಳು.

"ಅಣ್ಣಾ, ನಿಂಬೆಹಣ್ಣು ನಂದಲ್ಲ, ಯಾರಿಟ್ರೋ ಗೊತ್ತಿಲ್ಲ ಅಂತ ಒಂದ್ ಲೈನ್ ಬರ್ದುಕೊಡಿ. ಆಗ ತಡ ಎಲ್ಲಾ ಮಂಡಳೀದಾಗುತ್ತೆ. ಕೊನೆಗೆ ಕೂಡಿಸ್ತೀವಿ."

ಹಾಗಾದರೆ ಕೂಡುವ ಹುದ್ದೆ ಭರ್ತಿಯಾಗಿ ತನಗೆ ಬಡ್ತಿ ಸಿಗಬಹುದೆಂಬುದನ್ನೂ ಆಕೆ ಮುಚ್ಚಿಡಲಿಲ್ಲ. ಜಟ್ಟೆಪ್ಪ ಪೆನ್ನು ಹಿಡಿದ. ಒಂದೇ ಸಾಲು, ನಾಳೆಯೇ ನಿತೀಶನ ಅಂಗಡಿಗೆ ಬೀಗ, ಸಾಬಮ್ಮನ ಗಿರಾಕಿಗಳು ಮರಳಿ ಮನೆಬಾಗಿಲಿಗೆ. ಆಮೇಲೆ ಪೆನ್ನಿನ ಮುಚ್ಚಳ ಹಾಕಿದ.

"ಕೈಯಾರೆ ಏರಿಸಿದ್ದನ್ನ ಏರಿಸಿಲ್ಲ ಅಂತ ಹ್ಯಾಂಗ ಬರೀಲ್ರಿ? ಆಫೀಸಿನವ್ರು ಓದದಿದ್ರೂ ದೇವರು ಓದ್ತಾನ."

ಮಂಡಳಿಯಲ್ಲಿ ಯಾರಾದರೂ ಓದುತ್ತಾರೆಂಬ ಸಾಧ್ಯತೆಯೇ ಹೊಸದಾಗಿದ್ದರಿಂದ ಎಲ್ಲರೂ ತಲೆಯೆತ್ತಿ ನೋಡಿದರು.

ಮನೆಯಲ್ಲಿ ಸಾಬಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಅವನಿಗೆ ಅನ್ನಿಸಿತು. ಆಕೆ ಪ್ರಮಾಣಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸತ್ತವರ ಕಾಗದ ಮನೆಯಲ್ಲಿ ಇಡಬಾರದೆಂದು ಗೋಡೆಯಾಚೆ ಸೂರಿನಡಿ ಸಿಕ್ಕಿಸಿದಳು. ಆಮೇಲೆ ಹಳೆಯ ನೋವು ಬಿಡದ ರಟ್ಟೆ ನೀವಿಕೊಳ್ಳುತ್ತ, ಆ ಮರದ ಕೈಗೆ ಬಳೆ ಯಾಕಿಲ್ಲವೆಂದು ಕೇಳಿದಳು. ಬಳೆ ಸದ್ದಿಲ್ಲದೆ ಬಡಿಯುವ ಕೈ ಯಾವ ಮನೆಯದು? ಜಟ್ಟೆಪ್ಪ ಗಾಜಿನ ಬಳೆ ತೊಡಿಸಿದ. ಯಂತ್ರ ಪಟಪಟದೊಡನೆ ಘಲಘಲ ಅನ್ನತೊಡಗಿತು. ಹಳೆಯ ಗಿರಾಕಿಗಳಲ್ಲಿ ಕೆಲವರು ಓಣಿಯ ತುದಿಯಲ್ಲೇ ನಿಂತು ಕಿವಿಗೊಟ್ಟರು. ಅವನು ಬಳೆಗೆಂದು ಹೊಸ ಅರ್ಜಿ ಹಾಕಿದ. ನಿತೀಶನೂ ವಾರದೊಳಗೆ ತನ್ನ ಯಂತ್ರಕ್ಕೆ ಬಳೆ ತೊಡಿಸಿದ.

ಇಂಥ ದುಃಖದ ಪ್ರಸಂಗ ಮರುಕಳಿಸಬಾರದೆಂದು ಮಂಡಳಿಯು ಸುತ್ತೋಲೆ ಹೊರಡಿಸಿತು: "ಇನ್ನು ಮುಂದೆ ಯಾವೊಬ್ಬ ಅರ್ಜಿದಾರರೂ ಸ್ವಂತ ಕಡತಕ್ಕೆ ಸ್ವಹಸ್ತದಿಂದ ನಿಂಬೆಹಣ್ಣು ಇಡತಕ್ಕದ್ದಲ್ಲ. ಅನ್ಯರು ಇಟ್ಟಲ್ಲಿ ತತ್ಸಂಬಂಧ ವಿಳಂಬವನ್ನು ಅವಧಿಯ ಕೊನೆಗೆ ಕೂಡಲಾಗುವುದು. ಯಾವುದೇ ಕಡತವನ್ನು ಪೂಜೆಯಿಲ್ಲದೆ ಬಿಡುವಂತಿಲ್ಲ."

ಕೂಡುವ ಹುದ್ದೆಗೆ ಉಮ್ಮೆ ಕುಲ್ಸುಂ ಬಡ್ತಿ ಹೊಂದಿದಳು. ಜಟ್ಟೆಪ್ಪನ ಚಿಂತೆ ಬೇರೆ. ತನ್ನ ಕಡತಕ್ಕೆ ನಿಂಬೆಹಣ್ಣು ಇಡುವ ಅನ್ಯರು ಈ ಊರಿನಲ್ಲಿ ತನಗೆ ಯಾರಿದ್ದಾರೆ?

ಆಯುಧಪೂಜೆಯ ದಿನ ನಿತೀಶ್ ಆಟೋದಲ್ಲಿ ಬಂದಿಳಿದ. ಅವನ ಮಡಿಲಲ್ಲಿದ್ದಷ್ಟು ದೊಡ್ಡ ಕುಂಬಳವನ್ನು ಮಂಡಳಿಯು ಕಂಡಿರಲಿಲ್ಲ.

"ಜಟ್ಟೆಪ್ಪಣ್ಣ, ಇನ್ಮೇಲೆ ವರ್ಷಾ ವರ್ಷಾ ನಿಮ್ ಫೈಲ್ ಪೂಜೆ ನಂದು. ಎಷ್ಟು ವರ್ಷ ಮಲಗುತ್ತೋ ಅಷ್ಟೂ ನಿಮ್ಗೇ ಕೂಡುತ್ತೆ," ಎಂದ.

ಕಡತ ಮಲಗಿರುವಷ್ಟು ಕಾಲ ಬಳೆ ಸದ್ದಿನ ರೊಟ್ಟಿ ನಿತೀಶನದು. ಎದ್ದ ಮೇಲೆ ಅಷ್ಟೇ ಕಾಲ ಜಟ್ಟೆಪ್ಪನದು, ಇಲ್ಲವೇ ಅವನ ಮೊಮ್ಮಕ್ಕಳದು. ಇದರಲ್ಲಿ ಅನ್ಯಾಯ ಎಲ್ಲಿದೆಯೆಂದು ಜಟ್ಟೆಪ್ಪ ಹುಡುಕಿ ನೋಡಿದ. ಸಿಗಲಿಲ್ಲ.

ಮಂಗಳಾರತಿಯಾಯಿತು. ನಿತೀಶ್ ಕಡತದ ಮೇಲೆ ನಿಂಬೆಹಣ್ಣು ಇಟ್ಟ. ಹಣ್ಣು ಅತ್ತಿತ್ತ ಓಲಾಡಿ, ಉರುಳಿ ನೆಲಕ್ಕೆ ಬಿತ್ತು.

ಹಣ್ಣು ತಾನಾಗಿ ಉರುಳಿದ ಮೇಲೆ ನಿಯಮದಂತೆ ಕಡತವನ್ನು ಕೂಡಲೇ ತೆರೆಯಬೇಕು. ಧನಲಕ್ಷ್ಮಿಯವರ ಹಣೆಯ ಮೇಲೆ ಬೆವರು ಮೂಡಿತು. ಅಭ್ಯಾಸಬಲದಿಂದ ಜಟ್ಟೆಪ್ಪ ಹಣ್ಣು ಎತ್ತಿಡಲು ಬಗ್ಗಿದ.

"ಮುಟ್ಬೇಡಿ ಅಣ್ಣಾ," ಎಂದಳು ಉಮ್ಮೆ ಕುಲ್ಸುಂ, "ಕಳೀಬೇಕಾಗುತ್ತೆ."

ಅವನು ಗಾಬರಿಯಿಂದ ಕೈ ಹಿಂದಕ್ಕೆಳೆದುಕೊಂಡ. ನಿತೀಶ್ ಹಣ್ಣನ್ನು ಒರೆಸಿ, ಕಡತದ ಮೇಲೆ ಹಿಡಿ ಅಕ್ಕಿ ಹರಡಿ, ಉರುಳದಂತೆ ನೆಟ್ಟಗೆ ಕೂರಿಸಿದ. ಎಲ್ಲರೂ ನೆಮ್ಮದಿಯ ಉಸಿರುಬಿಟ್ಟರು. ಜಟ್ಟೆಪ್ಪನಿಗೆ ಕಣ್ಣು ತುಂಬಿ ಬಂತು. ಅವನು ನಿತೀಶನಿಗೆ ಕೈಮುಗಿದು, ಮುಂದಿನ ವರ್ಷವೂ ಮರೆಯದೆ ಬರಬೇಕೆಂದು ಕೇಳಿಕೊಂಡ.