ಗೋವಿಂದಯ್ಯನವರನ್ನು ಲಾಗ್‌ಔಟ್ ಮಾಡುವ ಕುರಿತು

ಜಿಲ್ಲಾ ಕಚೇರಿ, ಕೋಟೆ, ಶಿವಮೊಗ್ಗ
(ಇಲಾಖೆಯ ಹೆಸರಿರುವ ಲೆಟರ್‌ಹೆಡ್ ಗಣಕಯಂತ್ರದೊಳಗಿದ್ದು, ಅದು ತೆರೆದುಕೊಂಡ ನಂತರ ಹೆಸರನ್ನು ಸೇರಿಸಲಾಗುವುದು.)

ಸಂಖ್ಯೆ: ಜಿಕ/ಲಾಗಿನ್/ಕಾಯುವಿಕೆ/೪೭
ದಿನಾಂಕ: ಗೋಡೆಯ ಕ್ಯಾಲೆಂಡರಿನಂತೆ ಇಂದು, ಗಣಕಯಂತ್ರದಂತೆ ಇನ್ನೂ ನಿನ್ನೆ

ಸುತ್ತೋಲೆ

ವಿಷಯ: ಬೆಳಿಗ್ಗೆ ಎಂಟರ್ ಒತ್ತಿದ ಗಣಕಯಂತ್ರಗಳು ಮಧ್ಯಾಹ್ನ ತೆರೆದುಕೊಳ್ಳುತ್ತಿರುವುದು, ಹಾಗೂ ಆ ಕಾರಣದಿಂದ ಪ್ರಥಮ ದರ್ಜೆ ಸಹಾಯಕ ಶ್ರೀ ಗೋವಿಂದಯ್ಯನವರಿಗೆ ನಿವೃತ್ತರಾಗಲು ಸಾಧ್ಯವಾಗದಿರುವುದು.

ಉಲ್ಲೇಖ: ೧) ಭದ್ರಾವತಿ ಉಪಕಚೇರಿಗೆ ಈ ಕಚೇರಿಯ ಪತ್ರ.
೨) ಸದರಿ ಪತ್ರಕ್ಕೆ ನೆನಪೋಲೆ.
೩) ಸದರಿ ನೆನಪೋಲೆಯನ್ನು ನೆನಪಿಸುವ ಓಲೆ.
೪) ಗೋವಿಂದಯ್ಯನವರ ಪತ್ನಿ ಶ್ರೀಮತಿ ಹುಲಿಗೆಮ್ಮನವರ ದೂರವಾಣಿ ಕರೆ (ಕೆಲವು ಪದಗಳನ್ನು ಕಡತದ ಘನತೆಯ ದೃಷ್ಟಿಯಿಂದ ಬಿಡಲಾಗಿದೆ).

*

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಈ ಕಚೇರಿಯಲ್ಲಿ ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿದರೆ ಪರದೆಯ ಮೇಲೆ ಒಂದು ಚಕ್ರ ತಿರುಗಲು ಆರಂಭಿಸಿ ಊಟದ ಹೊತ್ತಿಗೆ ನಿಲ್ಲುತ್ತದೆ. ಊಟ ಮುಗಿಸಿ ಬರುವಷ್ಟರಲ್ಲಿ ಯಂತ್ರ ನಿದ್ದೆ ಹೋಗಿ ಪುನಃ ಪಾಸ್‌ವರ್ಡ್ ಕೇಳುತ್ತದೆ. ಇದರ ನಿವಾರಣೆಗೆ ಕೆಳಗೆ ಸಹಿ ಮಾಡಿರುವ ಅಧಿಕಾರಿಯು (ಇನ್ನು ಮುಂದೆ ‘ಸದರಿ ಅಧಿಕಾರಿ’) ಕೈಗೊಂಡ ಕ್ರಮಗಳನ್ನು, ಅವುಗಳಿಂದ ಯಾವ ಪ್ರಯೋಜನವೂ ಆಗಿಲ್ಲ ಎಂಬ ಷರಾದೊಂದಿಗೆ, ಕೆಳಗೆ ಕ್ರೋಡೀಕರಿಸಲಾಗಿದೆ.

೧. ಎಲ್ಲರೂ ಒಟ್ಟಿಗೆ ಎಂಟರ್ ಒತ್ತುವುದರಿಂದ ಒಳಗೆ ನೂಕುನುಗ್ಗಲಾಗುತ್ತಿದೆ ಎಂದು ಭಾವಿಸಿ, ಜ್ಯೇಷ್ಠತಾ ಪಟ್ಟಿಯ ಪ್ರಕಾರ ಒಬ್ಬರ ನಂತರ ಒಬ್ಬರು ಒತ್ತತಕ್ಕದ್ದೆಂದು ಆದೇಶಿಸಲಾಗಿತ್ತು. ಯಾರು ಹಿರಿಯರು ಎಂಬ ಬಗ್ಗೆ ಇಬ್ಬರು ಸಹಾಯಕರ ನಡುವೆ ತಕರಾರು ಎದ್ದು, ಅದು ಇತ್ಯರ್ಥವಾಗುವವರೆಗೆ ವಾರವಿಡೀ ಯಾರೂ ಎಂಟರ್ ಒತ್ತಲಿಲ್ಲ. ಸದರಿ ವಾರ ಗಣಕಯಂತ್ರಗಳ ಬಗ್ಗೆ ಒಂದು ದೂರೂ ಬಂದಿರುವುದಿಲ್ಲ.

೨. ತಿರುಗುವ ಚಕ್ರವನ್ನು ದಿಟ್ಟಿಸುವುದು, ಮೌಸನ್ನು ಮೇಜಿಗೆ ಕುಟ್ಟುವುದು, ಯಂತ್ರಕ್ಕೆ ನಿಂಬೆಹಣ್ಣು ನಿವಾಳಿಸುವುದು ಇವುಗಳನ್ನು ನಿಷೇಧಿಸಲಾಗಿದೆ. ನಿಂಬೆಹಣ್ಣನ್ನು ಸಾದಿಲ್ವಾರು ವೆಚ್ಚದಲ್ಲಿ ತೋರಿಸಿದ್ದಕ್ಕೆ ಲೆಕ್ಕಪರಿಶೋಧಕರು ಆಕ್ಷೇಪಿಸಿದ್ದು, ನಿವಾಳಿಸಿದ ಹಣ್ಣನ್ನು ದಾಸ್ತಾನಿನಲ್ಲಿ ತೋರಿಸುವಂತೆ ಕೇಳಿರುತ್ತಾರೆ.

೩. ಚಕ್ರ ತಿರುಗುತ್ತಿರುವ ಅವಧಿಯಲ್ಲಿ ನೌಕರರು ಹಾಜರಿದ್ದಾರೆಂದು ಪರಿಗಣಿಸತಕ್ಕದ್ದು. ಕೆಲಸ ಮಾಡುತ್ತಿದ್ದಾರೆಂದು ಪರಿಗಣಿಸತಕ್ಕದ್ದಲ್ಲ.

೪. ಇಷ್ಟಾದರೂ ಕಚೇರಿ ನಡೆಯುತ್ತಿರುವುದಕ್ಕೆ ಏಕೈಕ ಕಾರಣ ಗೋವಿಂದಯ್ಯನವರ ಗಣಕಯಂತ್ರ. ಒಮ್ಮೆ ತೆರೆದುಕೊಂಡ ಅದನ್ನು ಅವರು ಮತ್ತೆ ಮುಚ್ಚಲಿಲ್ಲ. ಅವರು ನಿವೃತ್ತರಾಗಿ, ಹಾರ ಹಾಕಿಸಿಕೊಂಡು, ಭದ್ರಾವತಿ ಹಳೇನಗರದ ಮನೆಗೆ ಹೋದ ಮೇಲೂ ಅದು ಅವರ ಹೆಸರಿನಲ್ಲೇ ತೆರೆದಿದ್ದು, ಇಡೀ ಕಚೇರಿ ಸಾಲು ನಿಂತು ಅದರಲ್ಲೇ ಕೆಲಸ ಮಾಡುತ್ತಿದೆ. ಅದು ನಿದ್ದೆ ಹೋಗದಂತೆ ಹಗಲು ಸರದಿಯ ಮೇಲೆ ಸಿಬ್ಬಂದಿಯೂ ಕಚೇರಿ ಮುಚ್ಚಿದ ಮೇಲೆ ಕಾವಲುಗಾರರೂ ಆಗಾಗ ಮೌಸ್ ಅಲುಗಾಡಿಸತಕ್ಕದ್ದು. ಕಸ ಗುಡಿಸುವವರು ಅದರ ಪ್ಲಗ್‌ನಿಂದ ಎರಡು ಮೊಳ ದೂರ ಇರತಕ್ಕದ್ದು.

೫. ಮೇಲಿನ ವ್ಯವಸ್ಥೆಯಿಂದಾಗಿ ಕಚೇರಿಯ ಸಮಸ್ತ ಕೆಲಸವೂ ಗೋವಿಂದಯ್ಯನವರೊಬ್ಬರೇ ಮಾಡಿದಂತೆ ದಾಖಲಾಗಿದೆ. ನಿವೃತ್ತಿಯ ನಂತರ ಅವರ ಕಾರ್ಯಕ್ಷಮತೆ ಗಣನೀಯವಾಗಿ ಹೆಚ್ಚಿರುವುದನ್ನು ಮೇಲಧಿಕಾರಿಗಳು ಗಮನಿಸಿ, ಅತ್ಯುತ್ತಮ ನೌಕರ ಪ್ರಶಸ್ತಿಗೆ ಶಿಫಾರಸು ಮಾಡಲು ಸೂಚಿಸಿದ್ದು, ಅದರಂತೆ ಶಿಫಾರಸು ಕಳುಹಿಸಲಾಗಿದೆ. ಅದೇ ಟಪಾಲಿನಲ್ಲಿ, ಕರ್ತವ್ಯದಲ್ಲಿದ್ದೂ ಕುರ್ಚಿಯಲ್ಲಿ ಇಲ್ಲದಿರುವುದಕ್ಕೆ ಕಾರಣ ಕೇಳಿ ಅವರಿಗೆ ನೋಟಿಸನ್ನೂ ಕಳುಹಿಸಲಾಗಿದೆ. ಎರಡಕ್ಕೂ ಸಹಿ ಹಾಕಿದವರು ಸದರಿ ಅಧಿಕಾರಿಯೇ.

೬. ಗೋವಿಂದಯ್ಯನವರಿಗೆ ವಯಸ್ಸಾಯಿತೆಂದು ಸಂಬಳ ನಿಂತಿದೆ. ಕೆಲಸದಲ್ಲಿದ್ದಾರೆಂದು ಪಿಂಚಣಿ ಶುರುವಾಗಿಲ್ಲ. ತೆರೆದಿರುವ ಲಾಗಿನ್ ಮುಚ್ಚುವವರೆಗೆ ಪಿಂಚಣಿ ಕಡತ ಮುಂದೆ ಹೋಗುವುದಿಲ್ಲವೆಂದು ತಿಳಿದುಬಂದಿದೆ. ಈ ಬಗ್ಗೆ ಶ್ರೀಮತಿ ಹುಲಿಗೆಮ್ಮನವರು ದೂರವಾಣಿಯಲ್ಲಿ, “ನಮ್ಮೆಜಮಾನ್ರು ಇಲ್ಲೇ ಜಗಲಿ ಮೇಲೆ ಕೂತು ಅವಲಕ್ಕಿ ತಿಂತಿದಾರೆ. ನಿಮ್ಮ ಕಂಪ್ಯೂಟರ್ ಒಳಗೆ ಕೂತು ಕೆಲಸ ಮಾಡ್ತಿರೋದು ಯಾರು ಅಂತ ನೀವೇ ನೋಡ್ಕಳಿ ಮಾರಾಯ್ರೆ. ಅವನನ್ನಾದ್ರೂ ಸಾಯಂಕಾಲ ಮನೆಗೆ ಕಳ್ಸಿ” ಎಂದು ತಿಳಿಸಿರುವುದನ್ನು ದಾಖಲಿಸಿಕೊಳ್ಳಲಾಗಿದೆ.

೭. ತಾವೇ ಲಾಗ್‌ಔಟ್ ಮಾಡಿ ಹೋಗುವ ಉದ್ದೇಶದಿಂದ ಗೋವಿಂದಯ್ಯನವರು ಬಸ್ಸು ಹತ್ತಿ ಪದೇ ಪದೇ ಕಚೇರಿಗೆ ಬಂದಿದ್ದಾರೆ. ಪ್ರತಿ ಸಲವೂ ಸಿಬ್ಬಂದಿ ಯಂತ್ರಕ್ಕೆ ಅಡ್ಡ ನಿಂತು, “ನೀವು ಮುಚ್ಚಿದ್ರೆ ಆಫೀಸೇ ಮುಚ್ಚಿದ ಹಾಗೆ ಗೋವಿಂದಣ್ಣ, ಇದೊಂದು ವಾರ ತಡೀರಿ” ಎಂದು ಕೈಮುಗಿದು, ಚಹಾ ಕುಡಿಸಿ ಕಳುಹಿಸಿದ್ದಾರೆ. ಕಳೆದ ಬಾರಿ ಅವರು ಚಹಾ ಬೇಡವೆಂದರು. “ಕೆಲಸಕ್ಕೆ ಸೇರೋದು ಕಷ್ಟ ಅಂದ್ಕೊಂಡಿದ್ದೆ ಸಾರ್. ಬಿಡೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಮನೇಲಿ ಮುಖ ತೋರ್ಸಕ್ಕೆ ಆಗ್ತಿಲ್ಲ” ಎಂದು ಸದರಿ ಅಧಿಕಾರಿಯ ಮುಂದೆ ಹೇಳಿ ಹೋದರು. ‘ಮೌಖಿಕ ಮನವಿ, ಪರಿಶೀಲಿಸಿ’ ಎಂದು ಷರಾ ಬರೆಯಲಾಯಿತು.

೮. ಅವರ ಜಾಗಕ್ಕೆ ನೇಮಕಗೊಂಡ ಶ್ರೀಮತಿ ಯಶೋಧರಾ ಅವರಿಗೆ, ಕುರ್ಚಿ ಖಾಲಿ ಇದ್ದರೂ ಹುದ್ದೆ ಖಾಲಿ ಇಲ್ಲದ ಕಾರಣ, ಸಾರ್ವಜನಿಕರ ಬೆಂಚಿನಲ್ಲಿ ಕೂರಲು ಅವಕಾಶ ಕಲ್ಪಿಸಲಾಗಿದೆ.

೯. ಅಂತಿಮವಾಗಿ ಗಣಕಯಂತ್ರ ತಂತ್ರಜ್ಞ ಶ್ರೀ ಶಶಿಧರ್ ಅವರನ್ನು ಕರೆಸಲಾಯಿತು. ಅವರ ವರದಿಯಂತೆ, ಇಂಥವರನ್ನು ಒಳಗೆ ಬಿಡಬಹುದೇ ಎಂದು ನಮ್ಮ ಯಂತ್ರಗಳು ಬೇರೊಂದು ಯಂತ್ರವನ್ನು ಕೇಳಬೇಕಿದ್ದು, ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಆ ಯಂತ್ರದ ನಂಬರ್ ಬರೆದಿರುತ್ತದೆ. ನಮ್ಮಲ್ಲಿ ಬರೆದಿರುವುದು ಭದ್ರಾವತಿ ಉಪಕಚೇರಿಯ ನಂಬರ್. ಕಾಗದನಗರದ ಬಾಡಿಗೆ ಕಟ್ಟಡದಲ್ಲಿದ್ದ ಆ ಕಚೇರಿ ಮುಚ್ಚಿಹೋಗಿ, ಯಂತ್ರ ಗುಜರಿಗೆ ಹೋಗಿದೆ. “ಯಾರೂ ಇಲ್ಲದ ಮನೆ ಬಾಗಿಲು ಬಡ್ಕೊಂಡು ನಿಂತಿದಾವೆ ಸಾರ್ ಇವು. ಸುಸ್ತಾದ ಮೇಲೆ ಪಕ್ಕದ ರೂಮಿನ ಸರ್ವರ್ ಕೇಳ್ತಾವೆ, ಅದು ತಕ್ಷಣ ಬಾ ಅನ್ನುತ್ತೆ. ಆ ನಂಬರ್ ತೆಗೆದು ಈ ನಂಬರ್ ಹಾಕಿದ್ರೆ ಆಯ್ತು” ಎಂದು ಅವರು ತಿಳಿಸಿರುತ್ತಾರೆ.

೧೦. ಆದರೆ ಒಂದು ಕಚೇರಿಯ ನಂಬರನ್ನು ತೆಗೆಯಲು ಆ ಕಚೇರಿಯ ಮುಖ್ಯಸ್ಥರ ಲಿಖಿತ ಒಪ್ಪಿಗೆ ಬೇಕೆಂಬ ನಿಯಮವಿರುವುದರಿಂದ, ಉಲ್ಲೇಖ (೧) ರಿಂದ (೩) ರವರೆಗಿನ ಪತ್ರಗಳನ್ನು ಭದ್ರಾವತಿಗೆ ಬರೆಯಲಾಯಿತು. ಮುಚ್ಚಿದ ಕಚೇರಿಯ ಟಪಾಲನ್ನು ಅಂಚೆಯವರು ಶಿವಮೊಗ್ಗಕ್ಕೇ ತಿರುಗಿಸುತ್ತಿದ್ದು, ಸದರಿ ಅಧಿಕಾರಿಯು ಪ್ರತಿ ಪತ್ರದ ಮೇಲೂ ‘ಭದ್ರಾವತಿಯ ಅಭಿಪ್ರಾಯ ಪಡೆಯಿರಿ’ ಎಂದು ಬರೆದು ಪುನಃ ಭದ್ರಾವತಿಗೆ ಕಳುಹಿಸುತ್ತಿದ್ದರು. ಭದ್ರಾವತಿಯವರ ಬೇಜವಾಬ್ದಾರಿಯ ಬಗ್ಗೆ ಮಾಸಿಕ ಸಭೆಯಲ್ಲಿ ಮೇಜು ಕುಟ್ಟಿ ಮಾತನಾಡಿದ್ದೂ ಉಂಟು.

೧೧. ಮೊನ್ನೆ ಬೆಂಚಿನೆದುರಿನ ಸೂಚನಾ ಫಲಕದ ಹಳೆಯ ಆದೇಶಗಳನ್ನು ಓದುತ್ತಾ ಕುಳಿತಿದ್ದ ಯಶೋಧರಾ ಅವರು, ಬೆಂಚಿನ ಮೇಲಿಂದಲೇ, “ಸಾರ್, ಆ ಆಫೀಸು ಮುಚ್ಚುವಾಗ ಅದರ ಪ್ರಭಾರ ನಿಮಗೇ ಕೊಟ್ಟಿದ್ರಲ್ಲ? ಕೇಳೋರೂ ನೀವೇ, ಹೇಳೋರೂ ನೀವೇ. ನಿಮಗೆ ನೀವೇ ಒಂದ್ಸಲ ಹ್ಞೂಂ ಅಂದ್ಕೊಂಡ್ರೆ ಆಯ್ತಲ್ಲ?” ಎಂದರು. ಕಡತ ತೆಗೆಸಿ ನೋಡಲಾಗಿ ಅದು ನಿಜವೆಂದು ಕಂಡುಬಂದಿದೆ. ಸದರಿ ಅಧಿಕಾರಿಗೆ ನಾಚಿಕೆಯಾಯಿತು. ಈ ಪದಕ್ಕೆ ಆಡಳಿತ ಕನ್ನಡದಲ್ಲಿ ಸೂಕ್ತ ಪದ ಸಿಗದ ಕಾರಣ ಹಾಗೆಯೇ ಬಳಸಲಾಗಿದೆ. ಯಂತ್ರಗಳ ಮೇಲೆ ರೇಗಾಡಿದ್ದಕ್ಕೆ ವಿಷಾದವಿದೆ. ಅವು ಮಾಡುತ್ತಿದ್ದುದನ್ನೇ ನಾನೂ ಮಾಡುತ್ತಿದ್ದೆ.

೧೨. ಆದ್ದರಿಂದ ಶಿವಮೊಗ್ಗದಲ್ಲಿರುವ ನಾನು ಕೋರಿದ ಒಪ್ಪಿಗೆಯನ್ನು ಭದ್ರಾವತಿಯ ಪ್ರಭಾರದಲ್ಲಿರುವ ನಾನು ಈ ಮೂಲಕ ನೀಡಿರುತ್ತೇನೆ. ಸೋಮವಾರ ಬೆಳಿಗ್ಗೆ ಶಶಿಧರ್ ಅವರು ನಂಬರ್ ಬದಲಿಸತಕ್ಕದ್ದು. ನಂತರ ಗೋವಿಂದಯ್ಯನವರು ತಮ್ಮ ಕೈಯಾರೆ ಲಾಗ್‌ಔಟ್ ಮಾಡತಕ್ಕದ್ದು. ಈ ಕಚೇರಿಯಲ್ಲಿ ಯಾರೂ ಎಂದೂ ಲಾಗ್‌ಔಟ್ ಮಾಡದಿರುವುದರಿಂದ ಆ ಗುಂಡಿ ಎಲ್ಲಿದೆ ಎಂಬುದನ್ನು ಶಶಿಧರ್ ಮೊದಲೇ ಹುಡುಕಿಟ್ಟಿರತಕ್ಕದ್ದು. ಆ ವೇಳೆ ಯಾರಾದರೂ ಅವರಿಗೆ ಅಡ್ಡ ನಿಂತಲ್ಲಿ ಶಿಸ್ತು ಕ್ರಮ ಜರುಗಿಸಲಾಗುವುದು. ಎದ್ದು ನಿಲ್ಲಲು ಅಡ್ಡಿಯಿಲ್ಲ.

(ಶಂಕರನಾರಾಯಣ)
ಜಿಲ್ಲಾ ಅಧಿಕಾರಿ, ಶಿವಮೊಗ್ಗ

ಒಪ್ಪಿದೆ
(ಶಂಕರನಾರಾಯಣ)
ಪ್ರಭಾರ ಅಧಿಕಾರಿ, ಭದ್ರಾವತಿ ಉಪಕಚೇರಿ (ಮುಚ್ಚಿದೆ)

ಪ್ರತಿ:
೧. ಪ್ರಭಾರ ಅಧಿಕಾರಿ, ಭದ್ರಾವತಿ – ಅಂಚೆಗೆ ಹಾಕದೆ, ಬಲಗೈಯಿಂದ ಎಡಗೈಗೆ ತಲುಪಿಸಲಾಗಿದೆ.
೨. ಶ್ರೀ ಶಶಿಧರ್, ತಂತ್ರಜ್ಞರು – ಸೂಕ್ತ ಕ್ರಮಕ್ಕಾಗಿ.
೩. ಶ್ರೀಮತಿ ಯಶೋಧರಾ – ಬೆಂಚಿನಿಂದ ಏಳಲು ಸೂಚಿಸಿ.
೪. ಪ್ರಶಸ್ತಿ ಆಯ್ಕೆ ಸಮಿತಿ – ಶಿಫಾರಸು ಹಿಂಪಡೆಯಲಾಗಿದ್ದು, ಅಷ್ಟು ಕೆಲಸ ಮಾಡುವ ಮತ್ತೊಬ್ಬರು ಸದ್ಯ ಕಚೇರಿಯಲ್ಲಿಲ್ಲ ಎಂಬ ಮಾಹಿತಿಯೊಂದಿಗೆ.
೫. ಶ್ರೀ ಗೋವಿಂದಯ್ಯ, ನಿವೃತ್ತ ಪ್ರಥಮ ದರ್ಜೆ ಸಹಾಯಕರು, ಹಳೇನಗರ, ಭದ್ರಾವತಿ – ಇವರ ಹೆಸರಿನೊಂದಿಗೆ ‘ನಿವೃತ್ತ’ ಎಂಬ ಪದವನ್ನು ಗಣಕಯಂತ್ರ ಒಪ್ಪದ ಕಾರಣ, ನಾನೇ ಪೆನ್ನಿನಲ್ಲಿ ಬರೆದು ಸೀಲು ಒತ್ತಿದ್ದೇನೆ. ಇದಕ್ಕೆ ಯಾರನ್ನೂ ಕೇಳಲಿಲ್ಲ.