ವೇಣು ಮೇಷ್ಟ್ರಿಗೆ ಬಂದ ಲ್ಯಾಟಿನ್

ಎಡವಟ್ಟು ಶುರುವಾದದ್ದು ಒಂದು ಬೇವಿನ ಮರದಿಂದ. ಊರಿಗಾಂನ ಒಂದು ಖಾಸಗಿ ಶಾಲೆಯ ಜೀವಶಾಸ್ತ್ರದ ಮೇಷ್ಟ್ರು ವೇಣು, ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಆ ಮರಕ್ಕೊಂದು ತಗಡಿನ ಫಲಕ ಕಟ್ಟುತ್ತಿದ್ದ. ಮೇಲೆ ‘ಬೇವು’ ಎಂದಿತ್ತು, ಕೆಳಗೆ ‘ಅಜಾಡಿರಾಕ್ಟಾ ಇಂಡಿಕಾ’ ಎಂದಿತ್ತು. ಶಾಲೆ ನಡೆಸುವ ವೆಂಕಟರತ್ನಮ್ಮ ಹಿಂದಿನಿಂದ ಬಂದು ಕನ್ನಡಕ ಏರಿಸಿಕೊಂಡು ಓದಿದರು.

“ಕೆಳಗಿರೋದು ಯಾವ ಭಾಷೆ?”

“ಲ್ಯಾಟಿನ್ ಮೇಡಂ.”

“ನಿಮಗೆ ಲ್ಯಾಟಿನ್ ಬರುತ್ತಾ?”

ಬರೋದಿಲ್ಲ ಎಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ವೇಣುವಿನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಆಗದೆ ಮಗಳು ಸುಮಲತಳನ್ನು ಕೊಡುವುದಿಲ್ಲ ಎಂದು ಕಾಮಸಮುದ್ರದ ವೆಂಕಟೇಶಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ಅಂಥ ಸ್ಥಿತಿಯಲ್ಲಿರುವ ಗಂಡಸು, ಮೇಡಂ ಕೇಳಿದರೆ ವಿಮಾನ ಓಡಿಸಲೂ ಬರುತ್ತದೆ ಎನ್ನುತ್ತಾನೆ.

“ಸ್ವಲ್ಪ ಸ್ವಲ್ಪ ಮೇಡಂ.”

“ಸರಿ. ಬಂಗಾರಪೇಟೆಯಲ್ಲಿ ಯಾರೋ ಫ್ರೆಂಚ್ ಶುರು ಮಾಡಿದಾರಂತೆ. ನಾವು ಲ್ಯಾಟಿನ್ ಶುರು ಮಾಡೋಣ. ಸಾಯಂಕಾಲ ಪೋಷಕರ ಸಭೆ ಇದೆ. ಲ್ಯಾಟಿನ್ ಕಲಿತರೆ ಮಕ್ಕಳಿಗೆ ಏನು ಲಾಭ ಅಂತ ನೀವೇ ಮಾತಾಡಿ. ಅವರು ಒಪ್ಪಿದರೆ ನಿಮ್ಮ ಕಾಯಂ ವಿಷಯ ಯೋಚನೆ ಮಾಡ್ತೀನಿ.”

ವೇಣುವಿಗೆ ಸಂತೋಷಪಡಬೇಕೋ ಓಡಿಹೋಗಬೇಕೋ ತಿಳಿಯಲಿಲ್ಲ. ಸ್ಟಾಫ್ ರೂಮಿಗೆ ಬಂದು ಕೂತ. ಕೇಳದೆಯೇ ಸಲಹೆ ಕೊಡುವವರಿಗೆ ಅಲ್ಲಿ ಬರವಿರಲಿಲ್ಲ.

“ತುಂಬಾ ಸುಲಭದ ಭಾಷೆ ಅಂತ ಹೇಳಪ್ಪ, ಒಪ್ಕೊಂತಾರೆ,” ಎಂದರು ಕನ್ನಡದ ಬಚ್ಚಪ್ಪ ಮೇಷ್ಟ್ರು.

“ಅಯ್ಯೋ, ಸುಲಭ ಅಂದ್ರೆ ಯಾರು ಮರ್ಯಾದೆ ಕೊಡ್ತಾರೆ? ಭಾರೀ ಕಷ್ಟ ಅಂತ ಹೇಳಿ ವೇಣು,” ಎಂದಳು ಇಂಗ್ಲಿಷಿನ ರೂಪ ಮಿಸ್. “ಇಂಗ್ಲಿಷಿನ ಎಷ್ಟೋ ಪದ ಅದರಿಂದ್ಲೇ ಬಂದಿರೋದು ಅನ್ನಿ.”

“ಹಾಗಂದ್ರೆ ಇಂಗ್ಲಿಷ್ ಯಾಕೆ ಅಂತ ಕೇಳ್ತಾರೆ, ನಿನ್ನ ಕುರ್ಚಿಗೇ ಕುತ್ತು,” ಎಂದರು ಬಚ್ಚಪ್ಪ.

“ಹಾಗಾದ್ರೆ ಬೇಡ, ಅದನ್ನ ಹೇಳ್ಬೇಡಿ,” ಎಂದಳು ರೂಪ ತಟ್ಟನೆ.

ಮಧ್ಯಾಹ್ನದ ಹೊತ್ತಿಗೆ ವೇಣುವಿನ ತಲೆ ಕಲಸಿದ ಚಿತ್ರಾನ್ನದಂತಾಗಿತ್ತು. ಲ್ಯಾಟಿನ್ ಸುಲಭವೋ ಕಷ್ಟವೋ, ಅವನಿಗೇ ಗೊತ್ತಿರಲಿಲ್ಲ. ಊಟದ ಡಬ್ಬಿ ತೆರೆದವನು ತಿನ್ನದೆ ಮುಚ್ಚಿದ.

ಸಭೆಗೆ ಶಾಲೆಯ ಹಾಲ್ ತುಂಬಿತ್ತು. ವೇಣು ಎದ್ದು, ಲ್ಯಾಟಿನ್ ಬಹಳ ಹಳೆಯ ಭಾಷೆ, ಬಹಳ ದೊಡ್ಡ ಭಾಷೆ, ಸುಲಭವಾದರೂ ಕಷ್ಟದ ಭಾಷೆ ಎಂದೆಲ್ಲ ಹೇಳಿದ. ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಪೇಂಟಿಂಗ್ ಕೆಲಸ ಮಾಡುವ ಆರುಮುಗಂ ಕೈ ಎತ್ತಿದ.

“ಸಾರ್, ನಮ್ ಮನೇಲಿ ತಮಿಳು. ಹೆಂಡ್ತಿ ಕಡೆಯೋರ ಅತ್ರ ತೆಲುಗು. ಅಂಗಡೀಲಿ ಕನ್ನಡ. ಮೇಸ್ತ್ರಿ ಅತ್ರ ಹಿಂದಿ. ಈ ಲ್ಯಾಟಿನ್ ಮಾತಾಡೋರು ಯಾವ ಸ್ಟೇಷನ್‌ನಲ್ಲಿ ರೈಲು ಅತ್ತುತಾರೆ?”

“ಈಗ ಅದನ್ನ ಯಾರೂ ಮಾತಾಡೋದಿಲ್ಲ,” ಎಂದ ವೇಣು. ಸತ್ಯ ಬಾಯಿ ತಪ್ಪಿ ಬಂದುಬಿಟ್ಟಿತ್ತು.

ಕಾಮಸಮುದ್ರದ ಕಡೆಯಿಂದ ಡೇರಿಗೆ ಹಾಲು ಹಾಕಿ ಬಂದಿದ್ದ ಮುನಿಲಕ್ಷ್ಮಿ ಕೇಳಿದಳು: “ಯಾರೂ ಮಾತಾಡದೇ ಇರೋದ್ನ ಕಲ್ತು ನಮ್ ಮಗು ಎಮ್ಮೆ ಅತ್ರ ಮಾತಾಡ್ಬೇಕಾ ಸಾ?”

ಎಲ್ಲರೂ ಗೊಳ್ಳೆಂದು ನಕ್ಕರು. ವೆಂಕಟರತ್ನಮ್ಮ ನಗಲಿಲ್ಲ. ಅವರ ಮುಖ ನೋಡಿ ವೇಣುವಿಗೆ ಸುಮಲತ ದೂರದಲ್ಲೆಲ್ಲೋ ಬಸ್ಸು ಹತ್ತುತ್ತಿರುವಂತೆ ಕಂಡಿತು. ದಿಕ್ಕು ತೋಚದೆ, “ಸ್ವಲ್ಪ ಕೇಳಿ ನೋಡಿ, ಎಷ್ಟು ಚೆನ್ನಾಗಿದೆ,” ಎಂದವನೇ ತನಗೆ ಬರುತ್ತಿದ್ದ ಹೆಸರುಗಳನ್ನೆಲ್ಲ ಗಟ್ಟಿಯಾಗಿ ಒದರತೊಡಗಿದ.

“ಮ್ಯಾಂಜಿಫೆರಾ ಇಂಡಿಕಾ! ಒರೈಜಾ ಸಟೈವಾ! ಕೋರ್ವಸ್ ಸ್ಪ್ಲೆಂಡೆನ್ಸ್! ಆಸ್ಕಾರಿಸ್ ಲುಂಬ್ರಿಕಾಯ್ಡಿಸ್!”

ಮಾವು, ಭತ್ತ, ಕಾಗೆ, ಜಂತುಹುಳು. ಅದು ಅವನಿಗಷ್ಟೇ ಗೊತ್ತು. ಮುಂದಿನ ಸಾಲಿನಲ್ಲಿ ಪೆದ್ದಮ್ಮ ಎಂಬ ಮುದುಕಿ ತನ್ನ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಸಭೆ ಶುರುವಾದಾಗಿನಿಂದ ಬಿಕ್ಕಳಿಸುತ್ತಿದ್ದ ಆ ಮಗು, ಜಂತುಹುಳುವಿನ ಆರ್ಭಟಕ್ಕೆ ಬೆದರಿ ಕಣ್ಣರಳಿಸಿತು. ಬಿಕ್ಕಳಿಕೆ ನಿಂತೇಹೋಯಿತು.

ಪೆದ್ದಮ್ಮ ಎರಡೂ ಕೈ ಜೋಡಿಸಿದಳು. “ಮಂತ್ರ! ಚೆಪ್ಪು ನಾಯನಾ, ಇನ್ನೊಂದ್ ದಪ ಏಳು! ಮಗೀಗೆ ದಿಷ್ಟಿ ಆಗಿತ್ತು, ಬಿಟ್ಟೋಯ್ತು!”

“ಅಜ್ಜಿ, ಅರ್ಥ ಏನೂ ಆಗ್ಲಿಲ್ವಲ್ಲ,” ಎಂದ ಆರುಮುಗಂ.

“ಅರ್ತ ಆದ್ರೆ ಅದು ಮಂತ್ರ ಎಂಗಾಯ್ತದೆ ಕಣ್ಲಾ? ಮದುವೇಲಿ ಅಯ್ನೋರು ಏಳಿದ್ದು ನಿಂಗೇನ್ ಅರ್ತ ಆಗಿತ್ತಾ? ಆದ್ರೂ ಎಂಡ್ತಿ ಬರ್ಲಿಲ್ವಾ?”

ಆರುಮುಗಂ ತಲೆ ಕೆರೆದುಕೊಂಡು ಕೂತ. ಹಿಂದಿನ ಸಾಲಿನವರೂ ತಲೆದೂಗಿದರು. ಮುನಿಲಕ್ಷ್ಮಿ ಮಾತ್ರ ಬಿಡಲಿಲ್ಲ. “ಇದು ಕಲ್ತರೆ ನನ್ ಮಗಳು ಡಾಕ್ಟ್ರಾಗ್ತಾಳಾ? ಅದೇಳಿ ಸಾ.”

ಗೆಲುವಿನ ವಾಸನೆ ಹತ್ತಿದ ವೇಣುವನ್ನು ಈಗ ಹಿಡಿಯುವವರಿರಲಿಲ್ಲ. “ಯಾಕಾಗಲ್ಲಮ್ಮ? ಗಿಡದ ಹೆಸರು, ಪ್ರಾಣಿ ಹೆಸರು, ಮೂಳೆ ಹೆಸರು, ಎಲ್ಲಾ ಅದರಲ್ಲೇ ಇರೋದು! ಲ್ಯಾಟಿನ್ ಒಂದು ಬಂದ್ರೆ ಸಾಕು, ಜೀವಶಾಸ್ತ್ರ ತಾನಾಗೇ ಬಂದುಬಿಡುತ್ತೆ. ಯಾರೂ ಹೇಳಿಕೊಡೋದೇ ಬೇಡ!”

ಚಪ್ಪಾಳೆಯೋ ಚಪ್ಪಾಳೆ. ಒಪ್ಪಿಗೆ ಎಂದು ಇದ್ದ ಕೈಗಳೆಲ್ಲ ಮೇಲೆದ್ದವು. ವೇಣು ಹಿಗ್ಗಿ ಹೀರೇಕಾಯಿಯಾಗಿ ಮೇಡಂ ಕೋಣೆಗೆ ಹೋದ.

“ಬಹಳ ಚೆನ್ನಾಗಿ ಮಾತಾಡಿದ್ರಿ,” ಎಂದರು ವೆಂಕಟರತ್ನಮ್ಮ. “ಲ್ಯಾಟಿನ್ ತರಗತಿಗೆ ಟೈಮ್‌ಟೇಬಲ್‌ನಲ್ಲಿ ಜಾಗ ಎಲ್ಲಿ ಅಂತ ತಲೆ ಕೆಡಿಸ್ಕೊಂಡಿದ್ದೆ. ನೀವೇ ದಾರಿ ತೋರಿಸಿದ್ರಿ. ಜೀವಶಾಸ್ತ್ರದ ಪೀರಿಯಡ್ ಎಲ್ಲಾ ಅದಕ್ಕೇ ಕೊಟ್ಟುಬಿಡ್ತೀನಿ.”

ವೇಣು ಮೇಜಿನ ಹತ್ತಿರ ಸರಿದ. “ಹಾಗಾದ್ರೆ ಮೇಡಂ... ಲ್ಯಾಟಿನ್ ನಾನೇ ಹೇಳಿಕೊಡ್ಲಾ?”

“ನಿಮಗೆ ಸ್ವಲ್ಪ ಸ್ವಲ್ಪ ತಾನೆ ಬರೋದು? ಅದನ್ನ ಪೂರ್ತಿ ಓದಿರೋ ಒಬ್ಬರು ನಿವೃತ್ತರು ಬೆಂಗಳೂರಲ್ಲಿದ್ದಾರೆ, ಮಧ್ಯಾಹ್ನವೇ ಫೋನ್ ಮಾಡಿ ಒಪ್ಪಿಸಿದೀನಿ. ಅವರದು ಕಾಯಂ. ನೀವು ಈ ವರ್ಷದ ಪರೀಕ್ಷೆ ಮುಗಿಸಿಕೊಡಿ, ಸಾಕು.”

ವೇಣು ಹೇಗೆ ಹೊರಗೆ ಬಂದನೋ ಅವನಿಗೇ ತಿಳಿಯದು. ಗೇಟಿನ ಹತ್ತಿರ ಮುನಿಲಕ್ಷ್ಮಿ ಮೊಬೈಲ್ ಹಿಡಿದು ಕಾಯುತ್ತಿದ್ದಳು. ಅವಳ ಮುಖ ಅರಳಿತ್ತು.

“ಸಾ, ನಮ್ ಪಕ್ಕದ್ಮನೆ ವೆಂಕಟೇಶಪ್ಪನೋರು, ಅದೇ ಸುಮಲತನ ಅಪ್ಪ, ಲೈನ್‌ನಲ್ಲೇ ಅವ್ರೆ. ನಿಮ್ ಭಾಷಣದ ವಿಷ್ಯ ಎಲ್ಲಾ ಏಳ್ದೆ, ಬೋ ಕುಸಿ ಆಗೋದ್ರು. ಏನಾಯ್ತು ಅಂತ ಕೇಳ್ತಾವ್ರೆ. ಲ್ಯಾಟಿನ್ ಬತ್ತದಂತಾ?”

“ಬರುತ್ತಂತೆ ಅಕ್ಕ,” ಎಂದ ವೇಣು. “ಅದು ಬರುತ್ತೆ ಅಂತಲೇ ನನ್ನನ್ನ ಹೋಗು ಅಂದ್ರು.”