ಚೆಂಡಿನ ಹಿಂದೆ ಹೊರಟ ಅತ್ತೆ

ನಮ್ಮ ಅತ್ತೆ ಗಾಲ್ಫ್ ಆಟಗಾರ್ತಿ ಎಂದರೆ ನೀವು ನಂಬುವುದಿಲ್ಲ. ಬೇಸರವಿಲ್ಲ, ನಮ್ಮ ಊರಿನವರೇ ಮೊದಲು ನಂಬಿರಲಿಲ್ಲ. ಎಪ್ಪತ್ತರ ಹತ್ತಿರ ಬಂದ ಹೆಂಗಸು, ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪುತ್ತಿಗೆಯ ಹತ್ತಿರದ ಒಂದು ತಾರಸಿ ಮನೆಯ ಒಳಕೋಣೆಯಲ್ಲಿ ಕುಳಿತು, ಹೆಸರು ಹೇಳಲೂ ನಾಲಿಗೆ ತಿರುಗದ ಯಾವುದೋ ದೇಶದ ಮೈದಾನದಲ್ಲಿ ಚೆಂಡು ಹೊಡೆಯುತ್ತಾರೆ ಎಂದರೆ ಯಾರು ತಾನೇ ನಂಬುತ್ತಾರೆ? ಅದಾದರೂ ಇರಲಿ. ಹೊಡೆದ ಮೇಲೆ ಅವರು ಆ ಚೆಂಡಿನ ಹಿಂದೆ ನಡೆದುಕೊಂಡು ಹೋಗುತ್ತಾರೆ. ಕಂಪ್ಯೂಟರಿನೊಳಗೆ ಅಲ್ಲ. ನಮ್ಮ ಗೇಟು ದಾಟಿ, ರಸ್ತೆಯ ಮೇಲೆ.

ಆ ಆಟವನ್ನು ಮನೆಗೆ ತಂದವರು ನನ್ನ ಗಂಡ. ಬ್ಯಾಂಕಿನಲ್ಲಿ ಕೆಲಸ, ಮನಸ್ಸಿಗೆ ಸ್ವಲ್ಪ ವಿಶ್ರಾಂತಿ ಬೇಕು ಎಂದು ಕಂಪ್ಯೂಟರಿಗೆ ತುಂಬಿಸಿಕೊಂಡಿದ್ದರು. ಮಕ್ಕಳಾಟಿಕೆ ಅಲ್ಲ ಅದು. ನಿಜವಾದ ಮೈದಾನಗಳನ್ನೇ ಅಳತೆ ಮಾಡಿ ಒಳಗೆ ಇಳಿಸಿದ್ದಾರಂತೆ. ಗಾಳಿ ಬೀಸಿದರೆ ಚೆಂಡು ಓರೆಯಾಗುತ್ತದೆ, ಮಳೆ ಬಂದರೆ ಹುಲ್ಲು ಒದ್ದೆಯಾಗಿ ಚೆಂಡು ಉರುಳುವುದಿಲ್ಲ, ಹೊತ್ತು ಇಳಿದಂತೆ ಮರಗಳ ನೆರಳು ಉದ್ದವಾಗುತ್ತದೆ. ಮೌಸನ್ನು ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರೆ ಕೋಲು ಬೀಸಿದ ಹಾಗೆ. ಕೈ ಸ್ವಲ್ಪ ಅಲುಗಿದರೆ ಚೆಂಡು ನೇರ ನೀರಿಗೆ. ನನ್ನ ಗಂಡ ಎರಡು ಭಾನುವಾರ ಆಡಿದರು. ಎರಡೂ ಭಾನುವಾರ ಚೆಂಡೆಲ್ಲ ನೀರಿಗೆ ಹೋಗಿ, ವಿಶ್ರಾಂತಿಗೆಂದು ತಂದ ಆಟದಿಂದಲೇ ರಕ್ತದೊತ್ತಡ ಏರಿ, ಮೂರನೆಯ ಭಾನುವಾರ ಅದರ ಸುದ್ದಿಗೆ ಹೋಗಲಿಲ್ಲ.

ಅತ್ತೆ ಆ ಕೋಣೆಗೆ ಹೋದದ್ದು ಧೂಳು ಒರೆಸಲು. ಪರದೆಯನ್ನು ಒರೆಸುತ್ತಾ ಒರೆಸುತ್ತಾ ನಿಂತುಬಿಟ್ಟರು.

"ಇದು ಎಂತ, ಇಷ್ಟು ಚಂದದ ಹುಲ್ಲು? ಒಂದು ದನವೂ ಇಲ್ಲವಲ್ಲ."

"ದನಕ್ಕಲ್ಲ ಅಮ್ಮ, ಆಡ್ಲಿಕ್ಕೆ ಇರುವ ಹುಲ್ಲು ಅದು," ಎಂದರು ನನ್ನ ಗಂಡ.

"ಆಡ್ಲಿಕ್ಕಾ? ಹಾಗಾದರೆ ಆಡದೆ ಯಾಕೆ ಖಾಲಿ ಬಿಟ್ಟದ್ದು?" ಎಂದು ಕುರ್ಚಿ ಎಳೆದು ಕುಳಿತರು. ಅವತ್ತು ಮಧ್ಯಾಹ್ನದ ಊಟಕ್ಕೆ ಸಾರು ನಾನೇ ಮಾಡಿದೆ.

ಒಂದು ತಿಂಗಳೊಳಗೆ ಅತ್ತೆಯ ಕೈ ಎಷ್ಟು ಪಳಗಿತು ಎಂದರೆ, ಮಗ ನೀರಿಗೆ ಹಾಕಿದ್ದ ಜಾಗದಲ್ಲಿ ಇವರು ನೀರಿನ ಮೇಲಿಂದ ಚೆಂಡು ಹಾರಿಸಿ ಆಚೆ ದಡದಲ್ಲಿ ಮೆತ್ತಗೆ ಇಳಿಸುತ್ತಿದ್ದರು. ಆಟದಲ್ಲಿ ಮುಳುಗಿದರೆ ಲೋಕದ ಪರಿವೆ ಇಲ್ಲ. ಒಮ್ಮೆ ಹಲಸಿನ ಹಪ್ಪಳ ಒಣಗಲು ಹಾಕಿದ್ದೆವು. ಅಂಗಳದಲ್ಲಿ ಕಣ್ಣು ಬಿಡಲಾಗದ ಬಿಸಿಲು. ಇದ್ದಕ್ಕಿದ್ದಂತೆ ಅತ್ತೆ ಒಳಕೋಣೆಯಿಂದ ಓಡಿ ಬಂದರು. "ಗುಡುಗಿದ್ದು ಕೇಳಲಿಲ್ವಾ ನಿನಗೆ? ಬೇಗ ಬಾ," ಎಂದು ಚಾಪೆ ಸಮೇತ ಹಪ್ಪಳವನ್ನು ಎಳೆದು ಜಗಲಿಗೆ ಹಾಕಿದರು. ಆಕಾಶದಲ್ಲಿ ಒಂದು ಅಂಗೈಯಷ್ಟು ಮೋಡವೂ ಇರಲಿಲ್ಲ. ಗುಡುಗಿದ್ದು ಕಂಪ್ಯೂಟರಿನೊಳಗೆ. ಅತ್ತೆ ಅಂಗಳದಲ್ಲಿ ನಿಂತು ಮೇಲೆ ನೋಡಿದರು, ನನ್ನನ್ನು ನೋಡಿದರು. ಸೋಲೊಪ್ಪುವ ಜನ ಅಲ್ಲ ಅವರು. "ಇವತ್ತಲ್ಲದಿದ್ದರೆ ನಾಳೆ ಬರ್ತದೆ," ಎಂದು ಒಳಗೆ ಹೋದರು.

ನಡಿಗೆ ಶುರುವಾದದ್ದು ಆಮೇಲೆ. ಒಂದು ಸಂಜೆ ನಾನು ಪೈವಳಿಕೆಯ ಶಾಲೆಯಲ್ಲಿ ಪಾಠ ಮುಗಿಸಿ ಬಂದು ನೋಡುತ್ತೇನೆ, ಅತ್ತೆ ಚಪ್ಪಲಿ ಮೆಟ್ಟಿ ಹೊರಟಿದ್ದಾರೆ.

"ಎಲ್ಲಿಗೆ ಅತ್ತೆ?"

"ಚೆಂಡಿನ ಹತ್ತಿರ."

ನನಗೆ ಅರ್ಥವಾಗಲಿಲ್ಲ. ಅವರು ಒಂದನೇ ಕ್ಲಾಸಿನ ಮಗುವಿಗೆ ಹೇಳುವಂತೆ ವಿವರಿಸಿದರು. "ನಾನು ಹೊಡೆದ ಚೆಂಡು ಇನ್ನೂರು ಗಜ ದೂರ ಹೋಗಿ ಬಿದ್ದಿದೆ. ನಾನು ಇಲ್ಲಿ ಕುರ್ಚಿಯಲ್ಲಿ ಕೂತು ಅಲ್ಲಿರುವ ಚೆಂಡಿಗೆ ಹೊಡೆಯುದು ಹೇಗೆ? ಅದು ಮೋಸ ಅಲ್ವಾ? ಅಲ್ಲಿ ತನಕ ನಡೀಬೇಕು. ಆಮೇಲೆ ಹೊಡೀಬೇಕು."

ಗಜ ಎಂದರೆ ಅತ್ತೆಗೆ ಗೊತ್ತಿದ್ದದ್ದು ಬಟ್ಟೆ ಅಂಗಡಿಯ ಗಜ. ಆ ಲೆಕ್ಕದಲ್ಲಿ ಗೇಟಿನಿಂದ ಇಳಿದು, ತಿರುವು ದಾಟಿ, ನೆರೆಯ ಬೀಫಾತಿಮನ ಮನೆಯ ಪಾಗಾರದ, ಅಂದರೆ ಕಂಪೌಂಡು ಗೋಡೆಯ, ತನಕ ಇನ್ನೂರು ಗಜ ಎಂದು ತೀರ್ಮಾನವಾಗಿತ್ತು. ಅಲ್ಲಿ ತನಕ ಹೋದರು, ಒಂದು ಗಳಿಗೆ ನಿಂತರು, ತಿರುಗಿ ಬಂದರು, ಕುಳಿತು ಎರಡನೆಯ ಹೊಡೆತ ಹೊಡೆದರು. ಆಮೇಲೆ ಮತ್ತೆ ಚಪ್ಪಲಿ ಹುಡುಕಿದರು.

ಬೀಫಾತಿಮ ಎರಡು ದಿನ ಸುಮ್ಮನೆ ನೋಡಿದಳು. ಮೂರನೆಯ ದಿನ ತಡೆಯಲಾಗದೆ ಕೇಳಿದಳು. "ಎಂತ ಅಕ್ಕ, ನಮ್ಮ ಪಾಗಾರದ ಹತ್ತಿರ ಬಂದು ನಿಲ್ಲುದು, ಹೋಗುದು? ಎಂತಾದ್ರೂ ಬಿದ್ದು ಹೋಗಿದೆಯಾ?"

"ಚೆಂಡು ಇಲ್ಲಿ ಬಿದ್ದಿದೆ," ಎಂದರು ಅತ್ತೆ.

ಪಾಪ, ಬೀಫಾತಿಮ ಒಳ್ಳೆಯ ಮನಸ್ಸಿನವಳು. ಮರುದಿನ ತನ್ನ ಹಿತ್ತಿಲನ್ನೆಲ್ಲ ಹುಡುಕಿ, ಯಾವ್ಯಾವ ಕಾಲದ್ದೋ ಮೂರು ರಬ್ಬರ್ ಚೆಂಡುಗಳನ್ನು ಮಣ್ಣು ತೊಳೆದು ತಂದಿಟ್ಟಳು. "ಇದರಲ್ಲಿ ನಿಮ್ಮದು ಯಾವುದು ನೋಡಿ ಅಕ್ಕ." ಅತ್ತೆ ಮೂರನ್ನೂ ತಿರುಗಿಸಿ ನೋಡಿ, "ನನ್ನದು ಇದಕ್ಕಿಂತ ಸಣ್ಣದು," ಎಂದರು. ಆಕೆ ಇನ್ನೊಂದು ದಿನ ಹುಡುಕಿದಳಂತೆ.

ಇಲ್ಲಿ ಮಾವನ ವಿಷಯ ಹೇಳಬೇಕು. ಮಾವ ಖಾಸಗಿ ಬಸ್ಸಿನ ಡ್ರೈವರಾಗಿದ್ದವರು. ಕುಂಬಳೆಯಿಂದ ಸೀತಾಂಗೋಳಿಯ ಮೇಲಿಂದ ಹೋಗುವ ದಾರಿಯಲ್ಲಿ ಅವರನ್ನು ಗುರುತಿಸದ ಮನುಷ್ಯ ಇಲ್ಲ. ಎರಡು ವರ್ಷದ ಹಿಂದೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಮಾತೂ ಸರಿಯಾಯಿತು. ಎಡಗಾಲು ಮಾತ್ರ ಎಳೆದ ಹಾಗೆ ಉಳಿಯಿತು. ದಿನಾ ನಡೆದರೆ ಕಾಲಿಗೆ ಬಲ ಬರುತ್ತದೆ, ಇಲ್ಲದಿದ್ದರೆ ಇದ್ದದ್ದೂ ಹೋಗುತ್ತದೆ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ನಾವೂ ಹೇಳಿ ಹೇಳಿ ಸೋತೆವು. "ನಾನು ಕಾಲೆಳೆಯುದನ್ನು ಊರೆಲ್ಲ ಸುತ್ತ ನಿಂತು ನೋಡ್ಲಿಕ್ಕೆ ಇದೆಂತ ಭೂತದ ಕೋಲವಾ?" ಎಂದು ಅವರು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಆಸ್ಪತ್ರೆಯಿಂದ ತಂದ ಊರುಗೋಲು ಬಾಗಿಲ ಹಿಂದೆಯೇ ಇತ್ತು. ಗೇಟಿನ ಸದ್ದಾದರೆ ಜಗಲಿಯಿಂದ ಎದ್ದು ಒಳಗೆ ಹೋಗುತ್ತಿದ್ದರು.

ಅಂಥವರನ್ನು ಅತ್ತೆ ಒಂದು ದಿನ ಕೆಲಸಕ್ಕೆ ಕರೆದರು.

"ನೋಡಿ, ದೊಡ್ಡ ಆಟಗಾರರ ಹಿಂದೆ ಚೀಲ ಹೊತ್ತುಕೊಂಡು ಹೋಗುವ ಜನ ಇರ್ತದಂತೆ. ನನಗೂ ಒಬ್ಬರು ಬೇಕು."

"ಬಸ್ಸು ಬಿಟ್ಟವ ನಾನು. ನಿನ್ನ ಚೀಲ ಹೊರಬೇಕಾ?"

"ಚೀಲ ಬೇಡ. ಕೊಡೆ ಹಿಡಿದರೆ ಸಾಕು."

"ನಾನು ಬರುವುದಿಲ್ಲ."

"ನಾನು ಒಬ್ಬಳೇ ನಡೆದರೆ ಜನ ಹುಚ್ಚು ಹಿಡಿದಿದೆ ಅಂತಾರೆ. ಇಬ್ಬರು ನಡೆದರೆ ಇವರಿಗೆ ಎಂತದೋ ಕೆಲಸ ಉಂಟು ಅಂತಾರೆ. ನಿಮ್ಮ ಹೆಂಡತಿಯನ್ನು ಹುಚ್ಚಿ ಅಂದರೆ ನಿಮಗೆ ಅಡ್ಡಿ ಇಲ್ವಾ?"

ಮಾವ ಒಮ್ಮೆ ಗೇಟಿನ ಕಡೆ ನೋಡಿದರು. ಆಮೇಲೆ ಅಂಗಿ ಹಾಕಿಕೊಂಡು ಉದ್ದ ಹಿಡಿಯ ಕೊಡೆಯನ್ನು ಊರಿಕೊಂಡು ಎದ್ದರು. ಹೆಂಡತಿಯ ಹುಚ್ಚನ್ನು ಮುಚ್ಚಲು ಹೊರಟ ಗಂಡಸಿನ ಗಾಂಭೀರ್ಯ ಅವರ ಮುಖದಲ್ಲಿತ್ತು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಗಾಲ್ಫ್ ಜೋಡಿ ಆಟವಾಯಿತು. ಮಾವ ಕುರ್ಚಿಯ ಪಕ್ಕದಲ್ಲಿ ಸ್ಟೂಲು ಹಾಕಿ ಕುಳಿತು ಡ್ರೈವರನ ದೃಷ್ಟಿಯಿಂದ ಸಲಹೆ ಕೊಡಲು ತೊಡಗಿದರು. ಕುಳಿಯ ಹತ್ತಿರ ಇಳಿಜಾರಿನಲ್ಲಿ ಅತ್ತೆ ಜೋರಾಗಿ ಹೊಡೆಯಲು ಹೋದರೆ, "ಇಳಿತದಲ್ಲಿ ಎಕ್ಸಿಲೇಟರ್ ಯಾಕೆ ಒತ್ತುದು ಮಾರಾಯ್ತಿ? ನ್ಯೂಟ್ರಲ್ಲಿಗೆ ಹಾಕಿ ಬಿಡು, ಅದೇ ಹೋಗ್ತದೆ," ಎನ್ನುವರು. ಚೆಂಡು ಮೆಲ್ಲನೆ ಉರುಳಿ ಕುಳಿಗೆ ಬಿದ್ದರೆ ಸ್ಟೂಲಿನ ಬದಿಗೆ ಎರಡು ಸಲ ತಟ್ಟಿ "ರೈಟ್" ಎನ್ನುವರು.

ಒಂದು ಸಲ ಚೆಂಡು ನೀರಿಗೆ ಬಿತ್ತು. ಅತ್ತೆ ಆಗಲೂ ನ್ಯಾಯ ಬಿಡಲಿಲ್ಲ. ನೀರಿಗೆ ಬಿದ್ದರೆ ನೀರಿನ ಹತ್ತಿರ ಹೋಗಿ ನೋಡಬೇಕಲ್ಲವೇ? ಇಬ್ಬರೂ ಪಂಚಾಯತಿನ ಕೆರೆಯ ತನಕ ನಡೆದರು. ಕಟ್ಟೆಯ ಮೇಲೆ ಕುಳಿತು ನೀರನ್ನು ನೋಡಿದರು. ಹೊತ್ತು ಕಂತುವ ಸಮಯಕ್ಕೆ ತಿರುಗಿ ಬಂದು, ಕಾಫಿ ಕುಡಿಯುತ್ತಿದ್ದ ಮಗನಿಗೆ ಮಾವ ವರದಿ ಒಪ್ಪಿಸಿದರು: "ಸಿಗಲಿಲ್ಲ. ಆಳ ಉಂಟು."

ನನ್ನ ಗಂಡ ಆ ರಾತ್ರಿ ಗಂಭೀರವಾಗಿ ಕೇಳಿದರು, "ಇಬ್ಬರನ್ನೂ ಡಾಕ್ಟರಿಗೆ ತೋರಿಸುವುದಾ?"

ಊರಿನಲ್ಲಿ ಅತ್ತೆ ಪ್ರಸಿದ್ಧರಾದರು. ಬಸ್‌ಸ್ಟಾಪಿನಲ್ಲಿ ನಿಂತವರು, "ಚೆಂಡು ಎಲ್ಲಿಗೆ ಬಂತು ಅಮ್ಮ?" ಎಂದು ಕೇಳುವರು. ಅತ್ತೆ ನಿಂತು, ಗಾಳಿ ಯಾವ ಕಡೆಯಿಂದ ಇತ್ತು, ಚೆಂಡು ಎಷ್ಟು ಓರೆಯಾಯಿತು ಎಂದು ಕೈ ಬೀಸಿ ವಿವರಿಸುವರು. ಜನ ಮುಸಿಮುಸಿ ನಗುವರು. ನನ್ನ ಶಾಲೆಯ ಟೀಚರುಗಳಿಗೂ ಸುದ್ದಿ ಮುಟ್ಟಿ, ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಸ್ಕೋರ್ ಎಷ್ಟು ಎಂದು ಕೇಳತೊಡಗಿದರು.

ಹೀಗಿರುವಾಗ ಒಂದು ದಿನ ಮಾವನನ್ನು ತಪಾಸಣೆಗೆಂದು ನನ್ನ ಗಂಡ ಮಂಗಳೂರಿಗೆ ಕರೆದುಕೊಂಡು ಹೋಗಿದ್ದರು. ನನಗೆ ಅರ್ಧ ದಿನ ರಜೆ. ಮನೆಗೆ ಬಂದಾಗ ಅತ್ತೆ ಕಂಪ್ಯೂಟರಿನ ಮುಂದೆ ಇದ್ದರು. ನಾನು ಬಾಗಿಲಲ್ಲಿ ನಿಂತೆ. ಅತ್ತೆ ಚೆಂಡು ಹೊಡೆದರು. ಅದು ಇನ್ನೂ ಗಾಳಿಯಲ್ಲಿ ಇರುವಾಗಲೇ ಕೀಬೋರ್ಡಿನ ಉದ್ದದ ಕೀಯನ್ನು ಹೆಬ್ಬೆರಳಿನಿಂದ ಒತ್ತಿದರು. ಪರದೆ ಒಂದು ಸಲ ಮಿಟುಕಿತು, ಚೆಂಡು ಬಿದ್ದ ಜಾಗ ಎದುರಿಗೆ ಬಂತು. ಹೊಡೆದರು, ಕೀ ಒತ್ತಿದರು. ಮತ್ತೆ ಹೊಡೆದರು, ಮತ್ತೆ ಒತ್ತಿದರು. ಒಂದು ವಾರ ಎಳೆಯುತ್ತಿದ್ದ ಆಟ ಆ ಮಧ್ಯಾಹ್ನ ಊಟದ ಹೊತ್ತಿಗೆ ಮುಗಿಯುವ ಹಾಗೆ ಕಂಡಿತು.

"ನಡೆಯುದು ಇಲ್ವಾ ಅತ್ತೆ ಇವತ್ತು?" ಎಂದೆ.

ಅವರು ಬೆಚ್ಚಿ ತಿರುಗಿದರು. ನಾನೊಬ್ಬಳೇ ಎಂದು ಕಂಡ ಮೇಲೆ ಸಮಾಧಾನವಾಯಿತು.

"ಇವತ್ತು ಅವರು ಇಲ್ಲ ಅಲ್ವಾ? ಮತ್ತೆ ಯಾಕೆ ನಡೆಯುದು?"

ನಾನು ಸ್ಟೂಲಿನ ಮೇಲೆ ಕುಳಿತೆ. ಅತ್ತೆ ಪರದೆಯನ್ನೇ ನೋಡುತ್ತಾ ಹೇಳಿದರು. "ಅವರ ಹತ್ತಿರ ಹೇಳಬೇಡ, ಆಯ್ತಾ? ವಾಕಿಂಗ್ ಅಂತ ಗೊತ್ತಾದರೆ ಮತ್ತೆ ಮೆಟ್ಟಿಲು ಇಳಿಯುವ ಜನ ಅಲ್ಲ ಅವರು. ಈಗ ಜನ ನನ್ನನ್ನು ನೋಡಿ ನಗಾಡ್ತಾರೆ. ನಗಾಡ್ಲಿ. ಅವರ ಕಾಲು ನೋಡ್ಲಿಕ್ಕೆ ಯಾರಿಗೂ ಪುರುಸೊತ್ತಿಲ್ಲ."

ನಾನು ಆಯ್ತು ಎಂದೆ. ಅತ್ತೆಗೆ ನನ್ನಿಂದ ಬೇರೇನೂ ಬೇಕಾಗಿರಲಿಲ್ಲ. "ಅನ್ನಕ್ಕೆ ಇಡು," ಎಂದು ಮತ್ತೊಂದು ಹೊಡೆತ ಹೊಡೆದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಗೆ ಜ್ವರ ಬಂತು. ಮೂರು ದಿನ ಕಂಬಳಿ ಹೊದ್ದು ಮಲಗಿದ್ದರು. ಕಂಪ್ಯೂಟರಿನ ಸ್ವಿಚ್ಚನ್ನೇ ಹಾಕಿರಲಿಲ್ಲ. ಮೊದಲ ಎರಡು ಸಂಜೆ ಮಾವ ಜಗಲಿಯಲ್ಲಿ ಕುಳಿತು ರಸ್ತೆ ನೋಡಿದರು. ಮೂರನೆಯ ಸಂಜೆ, ನಾನು ಅತ್ತೆಗೆ ಗಂಜಿ ಕೊಟ್ಟು ಹೊರಗೆ ಬರುವಾಗ, ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಚೆಂಡು ಎಲ್ಲಿ ತನಕ ಹೋಗಿದೆ?" ಎಂದು ಕೇಳಿದರು.

ನಾನು ಒಳಕೋಣೆಯ ಕಡೆ ನೋಡಿದೆ. ಕಪ್ಪು ಪರದೆ ಅವರಿಗೂ ಕಾಣುತ್ತಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಬಸ್‌ಸ್ಟಾಪಿನ ತನಕ ಹೋಗಿದೆ ಮಾವ," ಎಂದೆ.

ಅವರು ತಲೆಯಾಡಿಸಿ ಮೆಟ್ಟಿಲು ಇಳಿದರು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಗೋಡೆಗೆ, ಆಮೇಲೆ ಗೇಟಿಗೆ. ಲಕ್ವ ಹೊಡೆದ ಮೇಲೆ ಒಬ್ಬರೇ ರಸ್ತೆಗೆ ಇಳಿದದ್ದು ಅದೇ ಮೊದಲು.

ಗೇಟಿನ ಸದ್ದು ಕೇಳಿ ಅತ್ತೆ ಎದ್ದಿದ್ದರು. ನಾನು ಕೋಣೆಗೆ ಹೋದಾಗ ಕಂಬಳಿ ಹೊದ್ದುಕೊಂಡೇ ಕಿಟಕಿಯ ಸರಳು ಹಿಡಿದು ನಿಂತಿದ್ದರು. ಹೊರಗೆ ಮಾವ ಬೀಫಾತಿಮನ ಪಾಗಾರದ ಕಡೆಗೆ ಮೆಲ್ಲನೆ ನಡೆಯುತ್ತಿದ್ದರು. ಹಿಂದಿನಿಂದ ಬಂದ ಬಸ್ಸೊಂದು ಅವರ ಹತ್ತಿರ ನಿಧಾನವಾಯಿತು. ಹೊಸ ಡ್ರೈವರ್ ತಲೆ ಹೊರಗೆ ಹಾಕಿ ಏನೋ ಹೇಳಿದ. ಮಾವ ನಿಂತು, ಇತ್ತ ತಿರುಗಿ, ಕೈ ಎತ್ತಿ, ಮುಂದೆ ಹೋಗು ಎಂದು ಸನ್ನೆ ಮಾಡಿ ನಡೆದರು.

"ಅಂಗಿಯ ಬಟನ್ ಮೇಲೆ ಕೆಳಗೆ ಹಾಕಿದ್ದಾರೆ," ಎಂದರು ಅತ್ತೆ. "ನೀನಾದರೂ ಹೇಳಬಾರದಿತ್ತಾ?"

"ನಾನು ನೋಡಲಿಲ್ಲ ಅತ್ತೆ. ಕರೆಯಲಾ?"

"ಬೇಡ." ಕಂಬಳಿಯ ಅಂಚಿನಿಂದ ಕಣ್ಣು ಒರೆಸಿಕೊಂಡರು. "ಈಗ ಕರೆಯಬೇಡ. ನಡೀಲಿ."